‘ಬೇಜಾರು’ ಬಿಡಿಸಿ ಹೇಳಲು ಕಲಿಸುವುದು: ತರಗತಿಗೆ ಹನ್ನೆರಡು ವಾರಗಳ ಕೈಪಿಡಿ

ಮಂಡ್ಯ ಕಡೆಯ ಯಾವುದಾದರೂ ಶಾಲೆಯ ಐದನೇ ತರಗತಿಗೆ ಹೋಗಿ, ಮುಖ ಸಪ್ಪಗೆ ಮಾಡಿಕೊಂಡು ಕೂತ ಮಗುವನ್ನು ‘ಯಾಕಮ್ಮ, ಏನಾಯ್ತು?’ ಎಂದು ಕೇಳಿ ನೋಡಿ. ‘ಏನಿಲ್ಲ ಮಿಸ್, ಬೇಜಾರು’ ಅನ್ನುತ್ತದೆ. ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದರೂ ಬೇಜಾರು, ಗೆಳತಿ ಆಟಕ್ಕೆ ಸೇರಿಸಿಕೊಳ್ಳದಿದ್ದರೂ ಬೇಜಾರು, ರಾತ್ರಿ ಅಪ್ಪ ಕುಡಿದು ಬಂದು ಅವ್ವನ ಮೇಲೆ ಕೈ ಮಾಡಿದ್ದರೂ ಬೇಜಾರು. ಮೂರಕ್ಕೂ ಮದ್ದು ಬೇರೆ ಬೇರೆ, ಪದ ಮಾತ್ರ ಒಂದೇ. ಸುತ್ತೋಲೆಗಳಲ್ಲಿ ‘ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ’ ಎಂಬ ಉದ್ದನೆಯ ಹೆಸರಿನಿಂದ ಬರುವ ಕೆಲಸ ಶುರುವಾಗಬೇಕಾದ್ದು ಈ ಪದವನ್ನು ಒಡೆಯುವುದರಿಂದ.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳ ಪಟ್ಟಿ ಕೊಟ್ಟಿತು. 1994ರಲ್ಲಿ ಹುಟ್ಟಿದ ಅಮೆರಿಕದ ಕ್ಯಾಸೆಲ್ ಸಂಸ್ಥೆ ಅದೇ ಬಗೆಯ ವಿಷಯಗಳನ್ನು ಐದು ಕಟ್ಟುಗಳಾಗಿ ಕಟ್ಟಿತು: ತನ್ನನ್ನು ಅರಿಯುವುದು, ತನ್ನನ್ನು ಹಿಡಿತದಲ್ಲಿಡುವುದು, ಇತರರನ್ನು ಅರಿಯುವುದು, ಸಂಬಂಧ ನಿಭಾಯಿಸುವುದು, ವಿವೇಚಿಸಿ ತೀರ್ಮಾನಿಸುವುದು. ಈ ಪಟ್ಟಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೆ ಪರೀಕ್ಷೆಯಲ್ಲಿ ಐದು ಅಂಕ ಬರಬಹುದು, ಮಧ್ಯಾಹ್ನ ತಟ್ಟೆ ಸಾಲಿನಲ್ಲಿ ನೂಕಾಟ ಹಾಗೇ ಇರುತ್ತದೆ. 213 ಶಾಲಾ ಕಾರ್ಯಕ್ರಮಗಳ, 2,70,034 ಮಕ್ಕಳ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರ 2011ರ ವಿಶ್ಲೇಷಣೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಒಂದರ ಮೇಲೊಂದು ಹಂತವಾಗಿ ಕಟ್ಟಿದ, ಮಕ್ಕಳು ಕೈಯಾರೆ ಮಾಡಿ ಕಲಿತ, ಸಮಯ ಮೀಸಲಿಟ್ಟ, ಏನು ಕಲಿಸುತ್ತೇವೆ ಎಂಬುದು ಸ್ಪಷ್ಟವಿದ್ದ ಕಾರ್ಯಕ್ರಮಗಳು ಚೆನ್ನಾಗಿ ಫಲ ಕೊಟ್ಟವು. ಆಗೊಮ್ಮೆ ಈಗೊಮ್ಮೆ ಪ್ರಾರ್ಥನೆಯ ಹೊತ್ತಿನಲ್ಲಿ ಕೊಡುವ ನೀತಿಬೋಧೆ ಈ ನಾಲ್ಕರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಕೆಳಗಿನ ಕ್ರಮ ನಾಲ್ಕರಿಂದ ಏಳನೇ ತರಗತಿಗೆ, ಸುಮಾರು 28 ಮಕ್ಕಳಿಗೆ ಲೆಕ್ಕ ಹಾಕಿದ್ದು. ವಾರಕ್ಕೆ ಒಂದು 40 ನಿಮಿಷದ ಪೀರಿಯಡ್ ಮತ್ತು ದಿನಕ್ಕೆ 10 ನಿಮಿಷ ಬೇಕು. ಜೂನ್ ಮಧ್ಯದಲ್ಲಿ ಹಿಡಿದರೆ ದಸರಾ ರಜೆಯ ಹೊತ್ತಿಗೆ ಒಂದು ಸುತ್ತು ಮುಗಿಯುತ್ತದೆ. ಸಾಮಾನು: ನಾಲ್ಕು ಡ್ರಾಯಿಂಗ್ ಶೀಟು, ಒಂದು ನೋಟ್‌ಬುಕ್ಕು, ಒಂದು ತೆಂಗಿನ ಚಿಪ್ಪು, ಒಂದು ಹಿಡಿ ಹುಣಸೆ ಬೀಜ, ಸೀಮೆಸುಣ್ಣ.

ಮೊದಲು ಜಗಳದ ಲೆಕ್ಕ (1, 2ನೇ ವಾರ)

ಪಾಠಕ್ಕೆ ಕೈ ಹಾಕುವ ಮುಂಚೆ ಹತ್ತು ಶಾಲಾ ದಿನ ಲೆಕ್ಕ ಇಡಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ: ಎಷ್ಟು ಹೊತ್ತಿಗೆ, ಎಲ್ಲಿ, ಯಾವುದಕ್ಕೆ, ಹೇಗೆ ಮುಗಿಯಿತು. ಮಕ್ಕಳ ಹೆಸರು ಬರೆಯಬೇಡಿ. ಹೆಸರು ಬಿತ್ತೆಂದರೆ ಅದು ತಂಟೆಕೋರರ ಪಟ್ಟಿಯಾಗುತ್ತದೆ, ನಾಲ್ಕನೇ ದಿನದಿಂದ ನಿಮ್ಮ ಕಣ್ಣು ಆ ಮೂವರ ಮೇಲೆಯೇ ಇರುತ್ತದೆ, ಉಳಿದ ಜಗಳ ಕಾಣುವುದೇ ಇಲ್ಲ.

ಹತ್ತು ದಿನ ಕಳೆದ ಮೇಲೆ ‘ಎಲ್ಲಿ’ ಎಂಬ ಕಲಂ ಓದಿ. ಬಹುಪಾಲು ಜಗಳ ಮೂರು ನಾಲ್ಕು ಜಾಗಕ್ಕೇ ಬಂದು ನಿಲ್ಲುತ್ತವೆ: ನಲ್ಲಿ, ಅಕ್ಷರ ದಾಸೋಹದ ಸಾಲು, ಆಟಕ್ಕೆ ತಂಡ ಆರಿಸುವ ಹೊತ್ತು, ಹಿಂದಿನ ಸಾಲಿನ ಇಕ್ಕಟ್ಟು. ಇದರಲ್ಲಿ ಕೆಲವಕ್ಕೆ ಪಾಠವೇ ಬೇಕಿಲ್ಲ. ನೂರು ಮಕ್ಕಳಿಗೆ ನಲ್ಲಿ ಒಂದೇ ಇದ್ದರೆ ತಾಳ್ಮೆಯ ಬಗ್ಗೆ ಮಾತಾಡಬೇಡಿ, ಇನ್ನೊಂದು ನಲ್ಲಿ ಹಾಕಿಸಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಾತಾಡಿ. ಅಷ್ಟರವರೆಗೆ ಎರಡು ಬಕೆಟ್ಟು, ಎರಡು ಚೊಂಬು ಇಡಿ, ಒಂದು ತರಗತಿಯನ್ನು ಐದು ನಿಮಿಷ ಮುಂಚೆ ಬಿಡಿ. ತಂಡ ಆರಿಸುವಾಗ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದುಕೊಂಡು ಕೊನೆಗೆ ಇಬ್ಬರು ಯಾರಿಗೂ ಬೇಡವಾಗಿ ನಿಲ್ಲುವ ಪದ್ಧತಿಯನ್ನು ಇವತ್ತೇ ಕೈಬಿಡಿ. ಒಂದು-ಎರಡು ಎಣಿಸಿ ತಂಡ ಮಾಡಿದರೆ ವರ್ಷದ ಅರ್ಧ ಅವಮಾನ ಅಲ್ಲೇ ಕಡಿಮೆಯಾಗುತ್ತದೆ.

ಈ ಪುಸ್ತಕ ಜೋಪಾನ. ಹನ್ನೆರಡನೇ ವಾರ ಮತ್ತೆ ಬೇಕು.

ಪದಗಳು (3, 4, 5ನೇ ವಾರ)

ಇಲ್ಲಿ ಆತುರ ಬೇಡ. ಮುಂದಿನ ಎಲ್ಲ ಕೆಲಸವೂ ಇದರ ಮೇಲೆ ನಿಂತಿದೆ.

ಮೊದಲ ಪೀರಿಯಡ್ಡಿನಲ್ಲಿ ಬೋರ್ಡಿನ ನಡುವೆ ‘ಬೇಜಾರು’ ಎಂದು ದೊಡ್ಡದಾಗಿ ಬರೆಯಿರಿ. ‘ಯಾವ್ಯಾವಾಗ ಬೇಜಾರಾಗುತ್ತೆ?’ ಎಂದು ಕೇಳಿ, ಹೇಳಿದ್ದನ್ನೆಲ್ಲ ಸುತ್ತ ಬರೆಯುತ್ತಾ ಹೋಗಿ. ಹದಿನೈದು ಸಂದರ್ಭ ಸಿಕ್ಕರೆ ಸಾಕು. ಆಮೇಲೆ ಒಂದೊಂದಕ್ಕೂ ‘ಆಗ ಮೈಯಲ್ಲಿ ಏನಾಗುತ್ತೆ?’ ಎಂದು ಕೇಳಿ. ಉತ್ತರಗಳು ತಾವಾಗಿಯೇ ಬೇರೆಯಾಗುತ್ತವೆ. ಗಂಟಲು ಕಟ್ಟುವುದು, ಎದೆ ಡವಡವ ಎನ್ನುವುದು, ಕಿವಿ ಬಿಸಿಯಾಗುವುದು, ಹೊಟ್ಟೆ ತೊಳಸುವುದು, ಕೈಕಾಲು ಸೋತ ಹಾಗಾಗುವುದು. ಮೈಯ ಗುರುತು ಬೇರೆಯಾದರೆ ಹೆಸರೂ ಬೇರೆ ಇರಬೇಕಲ್ಲವೇ ಎಂದು ಅಲ್ಲಿಂದ ಪದಕ್ಕೆ ಬನ್ನಿ: ಸಂಕಟ, ದಿಗಿಲು, ಸಿಟ್ಟು, ಕಳವಳ, ಸುಸ್ತು. ಪದ ಕೊಟ್ಟು ಅರ್ಥ ವಿವರಿಸುವುದಕ್ಕಿಂತ ಮೈಯಿಂದ ಪದಕ್ಕೆ ಬರುವುದು ಮಕ್ಕಳಿಗೆ ಸುಲಭ. ಕನ್ನಡ ಇದಕ್ಕೆ ಹೇಳಿ ಮಾಡಿಸಿದಂಥ ಭಾಷೆ. ಹೊಟ್ಟೆಕಿಚ್ಚು, ಎದೆಗುಂದುವುದು, ಮುಖ ಚಿಕ್ಕದಾಗುವುದು, ಮೈ ಉರಿಯುವುದು, ಇವೆಲ್ಲ ಮೈಯ ಗುರುತೇ ಪದವಾಗಿ ನಿಂತವು.

ಮೂರು ವಾರಕ್ಕೆ 16 ಪದ ಗುರಿ ಇಟ್ಟುಕೊಳ್ಳಿ. ಸಿಟ್ಟಿನ ಮನೆಯಿಂದ ನಾಲ್ಕು: ಕಿರಿಕಿರಿ, ಮುನಿಸು, ಸಿಟ್ಟು, ರೋಷ. ಭಯದಿಂದ ನಾಲ್ಕು: ಅಳುಕು, ಕಳವಳ, ದಿಗಿಲು, ಗಾಬರಿ. ದುಃಖದಿಂದ ನಾಲ್ಕು: ಸಪ್ಪೆ, ಸಂಕಟ, ಅವಮಾನ, ಒಂಟಿತನ. ಸಂತೋಷದಿಂದ ನಾಲ್ಕು: ನೆಮ್ಮದಿ, ಹುಮ್ಮಸ್ಸು, ಹೆಮ್ಮೆ, ಖುಷಿ. ನಾಚಿಕೆ, ಹೊಟ್ಟೆಕಿಚ್ಚು, ಮುಜುಗರ ಆಮೇಲೆ ಬರಲಿ. ಶೀಟಿನಲ್ಲಿ ಮಕ್ಕಳ ಕೈಯಿಂದಲೇ ಬರೆಸಿ ಅವರ ಕಣ್ಣಿನ ಎತ್ತರಕ್ಕೆ ಅಂಟಿಸಿ. ‘ಕ್ವಾಪ’, ‘ದಿಗ್ಲು’ ಎಂದು ಮನೆಮಾತಿನಲ್ಲಿ ಹೇಳಿದರೆ ತಿದ್ದಬೇಡಿ. ಒಳಗಿನದು ಹೇಳುವಾಗ ಉಚ್ಚಾರ ತಿದ್ದಿದರೆ ಮಗು ಮುಂದಿನ ಸಲ ಹೇಳುವುದೇ ಇಲ್ಲ.

ನಲಿಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ಕೊಠಡಿಯ ಗೋಡೆಯಲ್ಲಿ ಹವಾಮಾನ ಪಟ ನೋಡಿ ಬೆಳೆದ ಮಕ್ಕಳಿವು. ನಲಿಕಲಿ ಹುಟ್ಟಿದ್ದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, 1995ರ ಆಸುಪಾಸಿನಲ್ಲಿ. ಬಿಸಿಲು, ಮೋಡ, ಮಳೆ ಗುರುತಿಸಿದ ಹಾಗೆ ಇಲ್ಲಿ ಒಳಗಿನ ಹವಾ ಗುರುತಿಸುವುದು ಎಂದರೆ ತಟ್ಟನೆ ಹಿಡಿಯುತ್ತಾರೆ.

ಎಡವುವ ಜಾಗ ಎರಡು. ಒಂದು, ‘ಒಳ್ಳೆಯ ಭಾವನೆ, ಕೆಟ್ಟ ಭಾವನೆ’ ಎಂದು ಎರಡು ಪಟ್ಟಿ ಮಾಡುವುದು. ಸಿಟ್ಟು ಕೆಟ್ಟದ್ದು ಎಂದು ಗೋಡೆಯಲ್ಲಿ ಬರೆದ ಮೇಲೆ ‘ನನಗೆ ಸಿಟ್ಟು ಬಂದಿದೆ’ ಎಂದು ಯಾವ ಮಗುವೂ ಹೇಳುವುದಿಲ್ಲ. ಸಿಟ್ಟು ಬರುವುದು ತಪ್ಪಲ್ಲ, ಹೊಡೆಯುವುದು ತಪ್ಪು. ಈ ಗೆರೆಯನ್ನು ಪದೇ ಪದೇ ಎಳೆದು ತೋರಿಸಬೇಕು. ಎರಡು, ಗಂಡು ಮಕ್ಕಳು. ‘ಗಂಡಸಾಗಿ ಅಳ್ತೀಯೇನ್ಲಾ’ ಎಂದು ಮನೆಯಲ್ಲಿ ಕೇಳಿಸಿಕೊಂಡ ಹುಡುಗನಿಗೆ ಭಯ, ಸಂಕಟ, ಅವಮಾನ ಎಲ್ಲವೂ ಸಿಟ್ಟಾಗಿಯೇ ಹೊರಗೆ ಬರುತ್ತವೆ. ಅವನನ್ನು ಎಲ್ಲರ ಮುಂದೆ ಕೆದಕಬೇಡಿ. ಮೊದಲು ಕಥೆಯ ಪಾತ್ರದ ಬಗ್ಗೆ ಹೇಳಲಿ. ಪುಣ್ಯಕೋಟಿ ಹುಲಿಯ ಮುಂದೆ ನಿಂತಾಗ ಅದಕ್ಕೆ ಏನಾಗಿರಬಹುದು, ಅಮ್ಮ ಮತ್ತೆ ಹೊರಟಾಗ ಕರುವಿಗೆ ಏನಾಗಿರಬಹುದು, ಕೊನೆಯಲ್ಲಿ ಹುಲಿಗೆ ಏನಾಯಿತು? ಈ ಹಾಡು ಗೊತ್ತಿಲ್ಲದ ಮಗು ಕಡಿಮೆ. ಸತ್ಯದ ಪಾಠವಾಗಿ ಅದನ್ನು ಸಾವಿರ ಸಲ ಹೇಳಿಯಾಗಿದೆ, ಒಂದು ಸಲ ಭಯದ ಪಾಠವಾಗಿಯೂ ಓದಿಸಿ.

ಕಟ್ಟೆಯ ಪಟ್ಟಿ

ಐದನೇ ವಾರ ಸಿಟ್ಟಿಗೆ ಅಳತೆಗೋಲು ಕೊಡಿ. ಮಂಡ್ಯದ ಮಕ್ಕಳಿಗೆ ಅದು ಮೊದಲೇ ಗೊತ್ತು. ಮುಂಗಾರು ಹಿಡಿದರೆ ಊರಲ್ಲಿ ದಿನಾ ಮಾತು ಕನ್ನಂಬಾಡಿ ಕಟ್ಟೆಯದೇ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟಿನದೇ: ಗರಿಷ್ಠ ಮಟ್ಟ 124.80 ಅಡಿ, ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಅದೇ ಲೆಕ್ಕವನ್ನು ಗೋಡೆಗೆ ತನ್ನಿ. ಉದ್ದನೆಯ ಶೀಟಿನಲ್ಲಿ ಹತ್ತು ಗೆರೆ ಎಳೆಯಿರಿ. 1ರಿಂದ 3 ಕಿರಿಕಿರಿ, 4ರಿಂದ 6 ಸಿಟ್ಟು, 7–8 ಮೈ ಉರಿ, 9–10 ಕಟ್ಟೆ ತುಂಬಿತು.

ಇದನ್ನು ಬಳಸುವಾಗ ಮೂರು ಪ್ರಶ್ನೆ ಕೇಳಿ. ಈಗ ಮಟ್ಟ ಎಷ್ಟು? ಬೆಳಿಗ್ಗೆಯಿಂದ ಒಳಗೆ ಏನೇನು ಹರಿದು ಬಂತು? ಯಾವ ಗೇಟು ತೆಗೆಯೋಣ, ಅಂದರೆ ಸಿಟ್ಟು ಇಳಿಸಲು ಏನು ಮಾಡೋಣ? ಎರಡನೇ ಪ್ರಶ್ನೆಯೇ ಮುಖ್ಯ. ಪೆನ್ಸಿಲ್ ಕಿತ್ತುಕೊಂಡದ್ದಕ್ಕೆ ಹುಡುಗ ಗುದ್ದಿದ ಎಂದರೆ ಪೆನ್ಸಿಲ್ ಕೊನೆಯ ಹನಿ ಅಷ್ಟೆ. ನಿದ್ದೆ ಇಲ್ಲ, ಹೋಂವರ್ಕ್ ಮಾಡಿಲ್ಲ, ಬಸ್ಸು ತಪ್ಪಿ ಎರಡು ಕಿಲೋಮೀಟರ್ ನಡೆದ, ಬಾಗಿಲಲ್ಲೇ ಬೈಸಿಕೊಂಡ. ಗೇಟು ತೆಗೆಯುವುದು 6–7ರ ಮಟ್ಟದಲ್ಲೇ ಆಗಬೇಕು. 9ಕ್ಕೆ ಬಂದ ಮಗುವಿನ ತಲೆಗೆ ಮಾತು ಹೋಗುವುದಿಲ್ಲ. ಆಗ ಬುದ್ಧಿವಾದ, ವಿಚಾರಣೆ ಎರಡೂ ನಿಲ್ಲಿಸಿ, ನೀರು ಕೊಟ್ಟು, ಪಕ್ಕದಲ್ಲಿ ಕೂರಿಸಿ, ಹದಿನೈದು ಇಪ್ಪತ್ತು ನಿಮಿಷ ಬಿಡಿ. ಶಿಕ್ಷಕರು ಸೋಲುವುದು ಬಹುಮಟ್ಟಿಗೆ ಇಲ್ಲೇ. ಬಿಸಿ ಇರುವಾಗಲೇ ನ್ಯಾಯ ಮುಗಿಸಿಬಿಡಬೇಕು ಎಂಬ ಆತುರ.

ಒಂದು ಎಚ್ಚರಿಕೆ: ಪಟ್ಟಿಯಲ್ಲಿ ಯಾರ ಹೆಸರನ್ನೂ ಅಂಟಿಸಬೇಡಿ. ‘ನಿಂದು ಯಾವಾಗ್ಲೂ ಹತ್ತೇ’ ಎಂಬ ಅಣಕ ಎರಡನೇ ದಿನವೇ ಶುರುವಾಗುತ್ತದೆ.

ದಿನದ ಹತ್ತು ನಿಮಿಷ

ಪದಗಳ ಜೊತೆಗೇ, ಮೂರನೇ ವಾರದಿಂದ ದಿನಾ ಬೆಳಿಗ್ಗೆ ದುಂಡಗೆ ಕೂರಿಸಿ. ಶಿಕ್ಷಕರೂ ನೆಲದ ಮೇಲೆಯೇ. ತೆಂಗಿನ ಚಿಪ್ಪು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡುವುದು. ‘ಇವತ್ತು ನನ್ನ ಒಳಗಿನ ಹವಾ…, ಯಾಕೆಂದರೆ…’ ಎಂಬ ಒಂದೇ ವಾಕ್ಯ. ‘ಮುಂದಕ್ಕೆ’ ಎಂದು ಚಿಪ್ಪು ದಾಟಿಸುವ ಹಕ್ಕು ಎಲ್ಲರಿಗೂ ಇದೆ, ಕಾರಣ ಕೇಳುವಂತಿಲ್ಲ. ಇಲ್ಲಿ ಕೇಳಿದ್ದನ್ನು ಹೊರಗೆ ಅಣಕಿಸುವಂತಿಲ್ಲ.

ಇಲ್ಲಿ ಗಣಿತ ತಪ್ಪುತ್ತದೆ. 28 ಮಕ್ಕಳು ತಲಾ 20 ಸೆಕೆಂಡ್ ಮಾತಾಡಿದರೂ ಒಂಬತ್ತೂಕಾಲು ನಿಮಿಷದ ಮೇಲಾಯಿತು, ಚಿಪ್ಪು ಕೈ ದಾಟುವುದು ಬೇರೆ. ಹದಿನೈದನೇ ಮಗುವಿನ ಹೊತ್ತಿಗೆ ಉಳಿದವರು ಪಕ್ಕದವರ ಬೆನ್ನಿಗೆ ಚುಚ್ಚುತ್ತಿರುತ್ತಾರೆ. ಆದ್ದರಿಂದ ದಿನಕ್ಕೆ ಏಳೇ ಮಕ್ಕಳು. ನಾಲ್ಕು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ಉಳಿದ 21 ಮಕ್ಕಳಿಗೂ ಕೆಲಸ ಇದೆ: ಕೊನೆಯಲ್ಲಿ ಶಿಕ್ಷಕರು ‘ಇವತ್ತು ಯಾರಿಗೆ ಕಳವಳ ಅಂದರು? ಯಾಕಂತೆ?’ ಎಂದು ಕೇಳುತ್ತಾರೆ, ಕೇಳಿಸಿಕೊಂಡವರು ಹೇಳಬೇಕು. ಕಿವಿಗೊಡುವುದನ್ನು ಕಲಿಸಲು ಇದಕ್ಕಿಂತ ಸರಳ ದಾರಿ ಇಲ್ಲ.

ಮೊದಲ ವಾರ ಎಲ್ಲರೂ ‘ಖುಷಿ’ ಎನ್ನುತ್ತಾರೆ. ಅದು ಮಿಸ್ಸಿಗೆ ಇಷ್ಟವಾಗುವ ಉತ್ತರ. ನೀವೇ ಒಂದು ದಿನ ‘ಇವತ್ತು ನನಗೆ ಕಿರಿಕಿರಿ, ಬರುವಾಗ ಗಾಡಿ ಪಂಕ್ಚರ್ ಆಯ್ತು’ ಎಂದು ಹೇಳಿ. ಮಾರನೆಯ ದಿನದಿಂದ ಉತ್ತರ ಬದಲಾಗುತ್ತದೆ. ಮನೆಯ ದೊಡ್ಡ ಕಷ್ಟ ಮಾತ್ರ ಮಕ್ಕಳ ಮುಂದೆ ಹರವಬೇಡಿ, ಹೊರುವ ಭಾರವಲ್ಲ ಅದು.

ಉಸಿರು

ಇದು ಸಣ್ಣ ವಿಷಯ, ಆರನೇ ವಾರ ಶುರು ಮಾಡಿ. ಹೊಟ್ಟೆಯ ಮೇಲೆ ಅಂಗೈ, ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಐದು ಸಲಕ್ಕೆ ಸುಮಾರು 50 ಸೆಕೆಂಡ್. ಸಿಟ್ಟು, ಗಾಬರಿ ಬಂದಾಗ ಎದೆಬಡಿತ ಏರುತ್ತದೆ, ಉಸಿರು ಮೇಲ್ಮೇಲಿನದಾಗುತ್ತದೆ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದವಿರಬೇಕು ಎಂಬುದು ಇದಕ್ಕೇ. ದಿನಾ ಗಣಿತದ ಪೀರಿಯಡ್ಡಿಗೆ ಮುಂಚೆ, ಎಲ್ಲರೂ ಸಮಾಧಾನವಾಗಿರುವಾಗಲೇ ಮಾಡಿಸಿ. ಈಜು ಕಲಿಯುವುದು ಹೊಳೆಗೆ ಬಿದ್ದ ಮೇಲೆ ಅಲ್ಲವಲ್ಲ. ಕಣ್ಣು ಮುಚ್ಚಲು ಒತ್ತಾಯ ಬೇಡ, ಕೆಲವು ಮಕ್ಕಳಿಗೆ ಅದೇ ಹೆದರಿಕೆ. ನೆಗಡಿ, ಉಬ್ಬಸ ಇದ್ದವರು ತಮಗೆ ಆಗುವಷ್ಟೇ ಮಾಡಲಿ. ತಪ್ಪು ಮಾಡಿದವನಿಗೆ ‘ಹೋಗೋ, ಮೂಲೆಲಿ ನಿಂತು ಉಸಿರು ಎಳ್ಕೊ’ ಎಂದ ದಿನ ಈ ಸಾಧನ ಸತ್ತಿತು ಎಂದು ತಿಳಿಯಿರಿ.

ಚೌಕಾಬಾರದಲ್ಲಿ ಸೋಲುವುದು (7ನೇ ವಾರ)

ಸೋಲನ್ನು ತಡೆದುಕೊಳ್ಳುವುದು ಮಾತಿನಲ್ಲಿ ಬರುವುದಿಲ್ಲ, ಸೋತೇ ಕಲಿಯಬೇಕು. ನಾಲ್ಕು ನಾಲ್ಕು ಮಕ್ಕಳ ಏಳು ತಂಡ ಮಾಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದರ ಮನೆ ಬರೆಸಿ. ಕವಡೆ ಇಲ್ಲದಿದ್ದರೆ ತಂಡಕ್ಕೆ ನಾಲ್ಕು ಹುಣಸೆ ಬೀಜ, ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದು. ನಾಲ್ಕೂ ಬಿಳಿ ಮೇಲಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎಂಟು. ಇವೆರಡು ಬಿದ್ದರೂ, ಎದುರಾಳಿಯ ಕಾಯಿ ಕಡಿದರೂ ಇನ್ನೊಂದು ಆಟ. ತಲಾ ನಾಲ್ಕು ಕಾಯಿ ಇಟ್ಟರೆ 40 ನಿಮಿಷದಲ್ಲಿ ಮುಗಿಯುವುದಿಲ್ಲ, ಎರಡೆರಡು ಇಡಿ. ಮನೆಯಿಂದ ಮನೆಗೆ ನಿಯಮ ಬೇರೆ ಇರುತ್ತದೆ. ಹಾಗಾಗಿ ಆಟದ ಮುಂಚೆ ಐದು ನಿಮಿಷ ತಂಡವೇ ಕೂತು ನಿಯಮ ಒಪ್ಪಿಕೊಳ್ಳಲಿ. ಆ ಐದು ನಿಮಿಷವೂ ಪಾಠದ ಭಾಗವೇ.

ಹಣ್ಣಾಗಲು ಎರಡೇ ಮನೆ ಇರುವ ಕಾಯಿಯನ್ನು ಕಡಿದಾಗ ಮಗುವಿನ ಮುಖ ನೋಡಿ. ಕಾದಿದ್ದು ಈ ಗಳಿಗೆಗೇ. ಕಾಯಿ ಕಳೆದುಕೊಂಡವರು ಕಟ್ಟೆಯ ಮಟ್ಟ ಬೆರಳಲ್ಲಿ ತೋರಿಸಬೇಕು, ಒಂದು ಉದ್ದ ಉಸಿರು ಬಿಟ್ಟು ಬೀಜ ಮುಂದಿನವರಿಗೆ ಕೊಡಬೇಕು. ಕಡಿದವರು ಅಣಕಿಸುವಂತಿಲ್ಲ. ಅಣಕಿಸಿದರೆ ಸಿಕ್ಕ ಹೆಚ್ಚಿನ ಆಟ ಹೋಯಿತು. ಕೊನೆಯ ಹತ್ತು ನಿಮಿಷ ಆಟ ಎಲ್ಲಿಗೆ ಬಂದಿದ್ದರೂ ನಿಲ್ಲಿಸಿ, ‘ಮಟ್ಟ ಎಷ್ಟಕ್ಕೆ ಹೋಗಿತ್ತು? ಇಳಿದದ್ದು ಹೇಗೆ?’ ಎಂದು ಕೇಳಿ. ಈ ಹತ್ತು ನಿಮಿಷ ಬಿಟ್ಟರೆ ಅದು ಬರೀ ಆಟದ ಪೀರಿಯಡ್. ಅದೂ ಕೆಟ್ಟದ್ದಲ್ಲ, ಆದರೆ ಇದಲ್ಲ.

ಜಗಳದ ವಾಕ್ಯ (8, 9ನೇ ವಾರ)

ಇಂಗ್ಲಿಷಿನಲ್ಲಿ ಸಿಟ್ಟಾದವನೇ ವಾಕ್ಯದ ಕರ್ತೃ. ಕನ್ನಡದಲ್ಲಿ ಸಿಟ್ಟು ‘ನನಗೆ ಬರುತ್ತದೆ’. ಅಳು ಬಂತು, ನಗು ಬಂತು, ಬೇಜಾರಾಯಿತು. ಬಂದದ್ದು ಹೋಗುತ್ತದೆ ಎಂಬುದು ನಮ್ಮ ವ್ಯಾಕರಣದಲ್ಲೇ ಇದೆ. ಮಕ್ಕಳಿಗೆ ಇದನ್ನು ಎತ್ತಿ ತೋರಿಸಿ: ‘ನೀನು ಸಿಟ್ಟಿನವನಲ್ಲ ಕಣೋ, ನಿನಗೆ ಸಿಟ್ಟು ಬಂದಿದೆ.’

ಈ ತಳಹದಿಯ ಮೇಲೆ ಮೂರು ತುಂಡಿನ ವಾಕ್ಯ ಕಲಿಸಿ: ಏನಾಯ್ತು, ನಂಗೇನಾಯ್ತು, ಏನು ಬೇಕು. ‘ನೀನು ಕೇಳ್ದೆ ನನ್ನ ಜಾಮಿಟ್ರಿ ಬಾಕ್ಸ್ ತಗೊಂಡೆ. ನಂಗೆ ಸಿಟ್ಟು ಬಂತು. ವಾಪಸ್ ಕೊಡು, ಇನ್ಮೇಲೆ ಕೇಳಿ ತಗೊ.’ ಮೊದಲ ತುಂಡಿನಲ್ಲಿ ‘ಯಾವಾಗ್ಲೂ’, ‘ದಿನಾ’, ‘ಬೇಕು ಅಂತಲೇ’ ಬರಬಾರದು. ಬಂದರೆ ಎದುರಿನವನು ‘ಯಾವಾಗ್ಲಾ ತಗೊಂಡೆ?’ ಎಂದು ಅಲ್ಲೇ ಹೊಸ ಜಗಳ ತೆಗೆಯುತ್ತಾನೆ. ಇಬ್ಬಿಬ್ಬರನ್ನು ಕೂರಿಸಿ ಅಭ್ಯಾಸ ಮಾಡಿಸಿ. ಜಗಳದ ಪುಸ್ತಕದಿಂದ ಆರು ಪ್ರಸಂಗ ಚೀಟಿಯಲ್ಲಿ ಬರೆದು ಕೊಟ್ಟರೆ ಕಲ್ಪನೆಯ ಉದಾಹರಣೆ ಹುಡುಕಬೇಕಾಗಿಲ್ಲ.

ಇನ್ನು ರಾಜಿ ಮಾಡಿಸುವುದು. ಶಾಲಾ ಸಂಸತ್ತಿನ ಮಂತ್ರಿಗಳಿಗೆ ಈ ಕೆಲಸ ಕೊಡುವ ಆಸೆ ಸಹಜ. ಆದರೆ ನಮ್ಮ ಮಕ್ಕಳು ಊರ ನ್ಯಾಯ ನೋಡಿ ಬೆಳೆದವರು. ಅರಳಿಕಟ್ಟೆಯ ಮೇಲೆ ಕೂತು ತಪ್ಪು ಯಾರದ್ದು ಎಂದು ಹೇಳಿ ದಂಡ ಹಾಕುವುದೇ ಅವರಿಗೆ ತಿಳಿದ ಮಾದರಿ. ಎರಡೇ ದಿನಕ್ಕೆ ‘ಹತ್ತು ಬಸ್ಕಿ ಹೊಡಿ’ ಎನ್ನುವ ಪುಟ್ಟ ಯಜಮಾನರು ಹುಟ್ಟುತ್ತಾರೆ. ರಾಜಿಗೆ ಕೂರುವವರಿಗೆ ಕೆಲಸ ನಾಲ್ಕೇ: ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಮಾತಾಡಿಸುವುದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಿಂದ ಮತ್ತೆ ಹೇಳಿಸುವುದು, ‘ಈಗ ಏನು ಮಾಡಿದರೆ ಸರಿ?’ ಎಂದು ಇಬ್ಬರನ್ನೂ ಕೇಳುವುದು, ಒಪ್ಪಿದ್ದನ್ನು ಎರಡು ದಿನ ಬಿಟ್ಟು ವಿಚಾರಿಸುವುದು. ತೀರ್ಪು ಹೇಳಬಾರದು, ಶಿಕ್ಷೆ ಕೊಡಬಾರದು. ‘ಸಾರಿ ಕೇಳು’ ಎಂದು ಒತ್ತಾಯಿಸಲೂಬಾರದು. ಹಲ್ಲು ಕಚ್ಚಿ ಹೇಳಿದ ಸಾರಿ ಗೇಟಿನ ಹೊರಗೆ ಗುದ್ದಾಗಿ ವಾಪಸ್ ಬರುತ್ತದೆ.

ರಾಜಿಗೆ ತರಲೇಬಾರದ ಜಗಳಗಳಿವೆ. ಹತ್ತು ಜನ ಸೇರಿ ಒಬ್ಬನನ್ನು ದಿನಾ ಕಾಡುವುದು, ರಕ್ತ ಬರುವ ಹೊಡೆತ, ಹೆಣ್ಣುಮಕ್ಕಳ ಮೈಮುಟ್ಟುವುದು, ಜಾತಿ ಹಿಡಿದು ಕರೆಯುವುದು. ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುವುದಿಲ್ಲ, ಯಾರ ಲೋಟ ಯಾರು ಮುಟ್ಟುವುದಿಲ್ಲ ಎಂಬುದನ್ನು ಗಮನಿಸಿ. ಇದು ‘ಇಬ್ಬರದೂ ತಪ್ಪಿದೆ, ಕೈ ಕುಲುಕಿ’ ಎಂದು ಮುಗಿಸುವ ವಿಷಯವಲ್ಲ. ಇಲ್ಲಿ ಇಬ್ಬರ ತಪ್ಪಿಲ್ಲ. ದೊಡ್ಡವರು ನಡುವೆ ಬಂದು, ಇದು ಈ ಶಾಲೆಯಲ್ಲಿ ನಡೆಯುವುದಿಲ್ಲ ಎಂದು ಸ್ಪಷ್ಟವಾಗಿ ನಿಲ್ಲಿಸಬೇಕು. ಪಂಕ್ತಿಯನ್ನು ಹಾಜರಿ ಸಂಖ್ಯೆಯಂತೆ ಕೂರಿಸಿ, ವಾರಕ್ಕೊಮ್ಮೆ ಬದಲಿಸಿ, ಶಿಕ್ಷಕರೂ ಅದೇ ಸಾಲಿನಲ್ಲಿ ಕೂತು ಉಣ್ಣಬೇಕು.

ಕನ್ನಂಬಾಡಿಯನ್ನು ನಾಲ್ಕು ತುಂಡು ಮಾಡಿ ಓದುವುದು (10, 11ನೇ ವಾರ)

‘ಸಹಕಾರದಿಂದ ಇರಿ’ ಎಂದರೆ ಸಹಕಾರ ಬರುವುದಿಲ್ಲ. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಆಗದಂತೆ ಪಾಠ ಕಟ್ಟಬೇಕು. ಇದಕ್ಕೆ ಚೆನ್ನಾಗಿ ಒಗ್ಗುವುದು ಜಿಗ್‌ಸಾ ವಿಧಾನ. ಬಿಳಿಯ, ಕರಿಯ ಮಕ್ಕಳನ್ನು ಆಗಷ್ಟೇ ಒಂದೇ ತರಗತಿಯಲ್ಲಿ ಕೂರಿಸಿ ಹಗೆ ಹೊಗೆಯಾಡುತ್ತಿದ್ದ ಅಮೆರಿಕದ ಟೆಕ್ಸಾಸಿನ ಆಸ್ಟಿನ್ ನಗರದ ಶಾಲೆಗಳಿಗಾಗಿ ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ರೂಪಿಸಿದ್ದು. ನಮ್ಮ ಮಟ್ಟಿಗೆ ಇದರ ಬಳಕೆ ಎಲ್ಲಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸಮಾಜ ವಿಜ್ಞಾನದ ಎರಡು ಪೀರಿಯಡ್ ಸೇರಿಸಿ 80 ನಿಮಿಷ ಮಾಡಿಕೊಳ್ಳಿ. ಕೃಷ್ಣರಾಜಸಾಗರದ ಬಗ್ಗೆ ತಲಾ ಎಂಟು ಹತ್ತು ಸಾಲಿನ ನಾಲ್ಕು ಚೀಟಿ ಬರೆಯಿರಿ.

ಮೊದಲ ಚೀಟಿ, ಯಾಕೆ ಬೇಕಿತ್ತು: 1876–78ರ ಘೋರ ಕ್ಷಾಮ, ಮಳೆ ನಂಬಿದ ಒಣ ಸೀಮೆ, 1902ರಲ್ಲಿ ಶುರುವಾದ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಬೇಸಿಗೆಯಲ್ಲೂ ಬೇಕಿದ್ದ ನೀರು. ಎರಡನೆಯದು, ಕಟ್ಟಿದ್ದು ಹೇಗೆ: 1911ರಲ್ಲಿ ಶುರುವಾದ ಕೆಲಸ, ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರು, ಸಿಮೆಂಟಿನ ಬದಲು ಸುರ್ಕಿ (ಇಟ್ಟಿಗೆ ಪುಡಿ, ಸುಣ್ಣದ) ಗಾರೆ. ಮೂರನೆಯದು, ಮುಳುಗಿದ್ದೇನು: ಕನ್ನಂಬಾಡಿ ಮತ್ತು ಸುತ್ತಲ ಊರುಗಳು, ಹೊಲ ಮನೆ ಬಿಟ್ಟು ಎದ್ದ ಜನ, ನೀರಿನಡಿಗೆ ಹೋದ ವೇಣುಗೋಪಾಲಸ್ವಾಮಿ ದೇವಸ್ಥಾನ. ನಾಲ್ಕನೆಯದು, ಆಮೇಲೆ ಏನಾಯಿತು: ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ, ಗದ್ದೆ, ಕಬ್ಬು, 1933ರ ಸಕ್ಕರೆ ಕಂಪನಿ, 1939ರಲ್ಲಿ ಹುಟ್ಟಿದ ಮಂಡ್ಯ ಜಿಲ್ಲೆ.

ನಾಲ್ಕು ಮಕ್ಕಳ ಏಳು ‘ಮನೆ ತಂಡ’. ಜಾತಿ, ಕೇರಿ, ಗಂಡು-ಹೆಣ್ಣು, ಓದಿನ ವೇಗ ಎಲ್ಲವೂ ಬೆರೆಯುವಂತೆ ನೀವೇ ಮುಂಚಿತವಾಗಿ ಹೆಸರು ಬರೆದಿಟ್ಟುಕೊಳ್ಳಿ, ಅಲ್ಲೇ ಆರಿಸಲು ಬಿಡಬೇಡಿ. ವಿವರಣೆಗೆ 5 ನಿಮಿಷ. ಆಮೇಲೆ ಒಂದೇ ಚೀಟಿ ಸಿಕ್ಕವರೆಲ್ಲ ಒಟ್ಟಿಗೆ ಕೂತು 20 ನಿಮಿಷ ಅದನ್ನು ಅರೆದು ಕುಡಿಯಬೇಕು. ಏಳು ಜನ ಒಂದೇ ಗುಂಪಾದರೆ ಇಬ್ಬರು ಮಾತಾಡಿ ಐವರು ನೋಡುತ್ತಾರೆ, ಮೂವರು ಮತ್ತು ನಾಲ್ವರಾಗಿ ಒಡೆಯಿರಿ. ನಂತರ ಮನೆ ತಂಡಕ್ಕೆ ಮರಳಿ ಒಬ್ಬೊಬ್ಬರು 6 ನಿಮಿಷ ತಮ್ಮ ತುಂಡು ಹೇಳಿಕೊಡಬೇಕು, ಒಟ್ಟು 24 ನಿಮಿಷ. ಚೀಟಿ ನೋಡಿ ಓದುವಂತಿಲ್ಲ. ಕೊನೆಗೆ 15 ನಿಮಿಷ ಪ್ರತಿಯೊಬ್ಬರೂ ಒಂಟಿಯಾಗಿ ಬರೆಯಬೇಕಾದ ಒಂದೇ ಪ್ರಶ್ನೆ: ‘ಕಟ್ಟೆಯಿಂದ ಯಾರಿಗೆ ಏನು ಸಿಕ್ಕಿತು, ಯಾರು ಏನು ಕಳೆದುಕೊಂಡರು, ಅವರಿಗೆ ಏನನ್ನಿಸಿರಬಹುದು?’ ನಾಲ್ಕೂ ತುಂಡು ಕೇಳಿಸಿಕೊಂಡವರು ಮಾತ್ರ ಇದಕ್ಕೆ ಉತ್ತರ ಬರೆಯಬಲ್ಲರು. ಉಳಿದ ಹೊತ್ತು ಎದ್ದು ಕೂರುವುದಕ್ಕೆ, ಮಾತಿಗೆ.

ಕೆಡುವುದು ಹೀಗೆ. ಓದಲು ತಡವರಿಸುವ ಮಗುವಿಗೆ ಕಷ್ಟದ ಚೀಟಿ ಸಿಕ್ಕರೆ ಮನೆ ತಂಡದಲ್ಲಿ ಅದರ ಮಾನ ಹೋಗುತ್ತದೆ, ‘ಇವಳಿಂದ ನಮಗೆ ಮಾರ್ಕ್ಸ್ ಹೋಯ್ತು’ ಎಂಬ ಮಾತು ಬರುತ್ತದೆ. ಅಂಥವರಿಗೆ ಮೂರನೇ ಚೀಟಿ ಕೊಡಿ. ಇಸವಿ ಕಡಿಮೆ, ಕಥೆ ಹೆಚ್ಚು, ಮನೆಯಲ್ಲಿ ಅಜ್ಜಿಯಿಂದ ಕೇಳಿದ್ದೂ ಇರಬಹುದು. ಆಲೆಮನೆ ಕೆಲಸಕ್ಕೆ ಬಿಹಾರ, ಉತ್ತರ ಪ್ರದೇಶದಿಂದ ಬಂದ ಮನೆಯ ಮಗು ಇದ್ದರೆ ನಾಲ್ಕನೇ ಚೀಟಿ. ಗಾಣ, ಕೊಪ್ಪರಿಗೆ, ಬೆಲ್ಲದ ವಿಷಯ ಅದಕ್ಕೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಭಾಷೆ ಅರೆಬರೆ ಇದ್ದರೂ ಚಿತ್ರ ಬರೆದು ಹೇಳಬಹುದು. ಗೈರುಹಾಜರಿ ಇದ್ದರೆ ಆ ತಂಡವನ್ನು ಒಡೆದು ಬೇರೆ ತಂಡಗಳಿಗೆ ಐದನೆಯವರಾಗಿ ಸೇರಿಸಿ. ತಂಡಕ್ಕೆ ಒಟ್ಟಾಗಿ ಅಂಕ ಕೊಡಲೇಬೇಡಿ. ಮೊದಲ ಸಲ ಗಲಾಟೆ ಆಗುತ್ತದೆ, ಪಕ್ಕದ ತರಗತಿಯವರು ಬಂದು ನೋಡುತ್ತಾರೆ. ಮೂರನೇ ಸಲದ ಹೊತ್ತಿಗೆ ಸರಿಹೋಗುತ್ತದೆ, ಹಾಗಾಗಿ ಬೇರೆ ಪಾಠಗಳಿಗೂ ಮಾಡಿ.

ಮಗು ದೊಡ್ಡದನ್ನು ಹೇಳಿಬಿಟ್ಟಾಗ

ದುಂಡಗೆ ಕೂತಾಗ ಒಂದಲ್ಲ ಒಂದು ದಿನ ಯಾರೋ ಮಗು ಹೇಳಬಾರದೆಂದುಕೊಂಡಿದ್ದನ್ನು ಹೇಳಿಬಿಡುತ್ತದೆ. ಇದಕ್ಕೆ ತಯಾರಿಲ್ಲದೆ ಮೂರನೇ ವಾರ ಶುರು ಮಾಡಬೇಡಿ. ಎಲ್ಲರ ಮುಂದೆ ಮುಂದುವರಿಸಬೇಡಿ, ‘ಹೇಳಿದ್ದು ಒಳ್ಳೇದಾಯ್ತು, ಆಮೇಲೆ ನಾವಿಬ್ಬರೇ ಮಾತಾಡೋಣ’ ಎಂದು ಚಿಪ್ಪು ಮುಂದೆ ಸಾಗಿಸಿ, ಅದೇ ದಿನ ಮಾತಾಡಿಸಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಅದು ಉಳಿಸಿಕೊಳ್ಳಲಾಗದ ಮಾತು. ಪೊಲೀಸರಂತೆ ಕೆದಕಬೇಡಿ, ಅದು ಹೇಳಿದಷ್ಟನ್ನು ಅದರ ಪದಗಳಲ್ಲೇ ಬರೆದಿಡಿ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ 2012ರ ಪೋಕ್ಸೊ ಕಾಯ್ದೆಯ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ ಕಾಯ್ದೆ) 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ ಶಿಕ್ಷೆ ಇದೆ. ಊರಿನ ಮರ್ಯಾದೆ, ಶಾಲೆಯ ಹೆಸರು ಎಂಬ ಮಾತು ಬಂದೇ ಬರುತ್ತದೆ, ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098. ಮಗು ವಾರಗಟ್ಟಲೆ ಮಂಕಾಗಿದ್ದರೆ, ಸಾಯುವ ಮಾತಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಎರಡೂ ಸಂಖ್ಯೆ ಗೋಡೆಯಲ್ಲಿ, ಮಕ್ಕಳಿಗೆ ಕಾಣುವಂತೆ ಇರಲಿ.

ಬೆತ್ತದ ವಿಷಯ ಒಂದೇ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಅದಿರಲಿ, ಬೆಳಿಗ್ಗೆ ಕಟ್ಟೆಯ ಪಟ್ಟಿ ತೋರಿಸಿ ಮಧ್ಯಾಹ್ನ ಕಿವಿ ಹಿಂಡಿದವರ ಪಾಠವನ್ನು ಮಕ್ಕಳು ಯಾಕೆ ನಂಬಬೇಕು?

ಹನ್ನೆರಡನೇ ವಾರ

ಮತ್ತೆ ಜಗಳದ ಪುಸ್ತಕ ತೆಗೆಯಿರಿ, ಅದೇ ನಾಲ್ಕು ಕಲಂ, ಈ ವಾರದಿಂದ ಹತ್ತು ಶಾಲಾ ದಿನ. ಜಗಳದ ಸಂಖ್ಯೆ ಅಷ್ಟೇನೂ ಇಳಿಯದಿದ್ದರೆ ಎದೆಗುಂದಬೇಡಿ, ನಾಲ್ಕನೇ ಕಲಂ ಓದಿ. ಮೊದಲು ‘ಮಿಸ್ ಬಂದು ಬಿಡಿಸಿದರು’ ಎಂದಿದ್ದ ಕಡೆ ‘ಅವರೇ ಮುಗಿಸಿಕೊಂಡರು’ ಎಂಬುದು ಎಷ್ಟು ಸಲ ಬಂದಿದೆ ಎಣಿಸಿ. ಅದು ಏರಿದ್ದರೆ ಕೆಲಸ ಆಗುತ್ತಿದೆ. ಮಕ್ಕಳಿಗೆ ಅಂಕ, ಗ್ರೇಡು ಕೊಡಬೇಡಿ. ‘ಸಹಾನುಭೂತಿ: ಬಿ ಪ್ಲಸ್’ ಎಂದು ಬರೆದ ಪ್ರಗತಿ ಪತ್ರದಿಂದ ಯಾವ ತಾಯಿಗೂ ಏನೂ ತಿಳಿಯುವುದಿಲ್ಲ. ಪೋಷಕರ ಸಭೆಯಲ್ಲಿ ಕಟ್ಟೆಯ ಪಟ್ಟಿ ತೋರಿಸಿ, ಮೂರು ಪ್ರಶ್ನೆ ಹೇಳಿಕೊಡಿ. ‘ನಮ್ಮನೆಲಿ ನಮ್ಮ ಯಜಮಾನ್ರಿಗೆ ಹೇಳ್ಕೊಡಿ ಮಿಸ್’ ಎಂದು ಯಾರಾದರೂ ನಕ್ಕೇ ನಗುತ್ತಾರೆ.

ದಸರಾ ರಜೆ ಮುಗಿಸಿ ಬಂದ ಮಕ್ಕಳು ಅರ್ಧ ಮರೆತಿರುತ್ತಾರೆ. ಮೊದಲ ದಿನವೇ ಹೊಸ ಪಾಠಕ್ಕೆ ಹೋಗದೆ ಒಂದು ವಾರ ಬರೀ ಚಿಪ್ಪು, ಪದ, ಉಸಿರು ಮಾಡಿಸಿ. ರಜೆಯಲ್ಲಿ ಹೊಸದಾಗಿ ಸೇರಿದ ಮಗುವಿದ್ದರೆ ಗೋಡೆಯ ಹದಿನಾರು ಪದ ತೋರಿಸುವ ಕೆಲಸವನ್ನು ತರಗತಿಯ ಅತಿ ಜಗಳಗಂಟ ಹುಡುಗನಿಗೆ ಒಪ್ಪಿಸಿ.